ಶನಿವಾರದ ಮ್ಯಾಚ್: ಬರೋ ಮುಂಚೆ ಇಷ್ಟು ಓದ್ಕೊಳ್ಳಿ

ಎಲ್ಲರಿಗೂ ನಮಸ್ಕಾರ. ಶನಿವಾರ ಪ್ರಾಕ್ಟೀಸ್ ಮುಗಿದ ಮೇಲೆ ಕ್ಲಬ್ ರೂಮಿನಲ್ಲಿ 2024ರ ಎಸಿಸಿ (ಅಮೆರಿಕದ ಕಾಲೇಜು ತಂಡಗಳ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಸೆಮಿಫೈನಲ್ ಹಾಕ್ತೀವಿ. ಎನ್‌ಸಿ ಸ್ಟೇಟ್ (ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ) ಮತ್ತು ವರ್ಜೀನಿಯಾ, ವಾಷಿಂಗ್ಟನ್‌ನಲ್ಲಿ ಆಡಿದ್ದು.

ಹೊಸಬರಿಗೆ: ಅಮೆರಿಕದಲ್ಲಿ ಕಾಲೇಜು ತಂಡಗಳು ಕಾನ್ಫರೆನ್ಸ್ ಅನ್ನೋ ಗುಂಪುಗಳಾಗಿ ಆಡುತ್ತವೆ. ಕೊನೆಗೆ ನಾಕೌಟ್, ಗೆದ್ದವರಿಗೆ ಇಡೀ ದೇಶದ ಕಾಲೇಜು ಚಾಂಪಿಯನ್‌ಶಿಪ್ ಆದ ಎನ್‌ಸಿಎಎ ಟೂರ್ನಿಗೆ ನೇರ ಪ್ರವೇಶ. ಎಸಿಸಿಯಲ್ಲಿ ಮೊದಲ ನಾಲ್ಕು ಸ್ಥಾನದವರು ಸೀದಾ ಕ್ವಾರ್ಟರ್‌ಫೈನಲ್‌ಗೇ ಇಳಿಯುತ್ತಾರೆ. 10ನೇ ಶ್ರೇಯಾಂಕದ ಎನ್‌ಸಿ ಸ್ಟೇಟ್‌ಗೆ ಆ ಭಾಗ್ಯ ಇರಲಿಲ್ಲ. ಲೀಗಿನ ಕೊನೆಯ ನಾಲ್ಕೂ ಪಂದ್ಯ ಸೋತು ಬಂದವರು, ಐದು ದಿನದಲ್ಲಿ ಐದು ಗೆಲ್ಲಬೇಕು. ಗೆದ್ದೇಬಿಟ್ಟರು! ಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾ (ಇದು ಬೇರೆ ವಿಶ್ವವಿದ್ಯಾಲಯ) ವಿರುದ್ಧ 84-76. 1987ರ ನಂತರ ಮೊದಲ ಕಪ್.

ಸೆಮಿಫೈನಲ್‌ನ ಕೊನೇ ಕ್ಷಣದಲ್ಲಿ ಮಾತ್ರ ಯಾರೂ ಫೋನ್ ನೋಡಬೇಡಿ. ಎನ್‌ಸಿ ಸ್ಟೇಟ್ ಮೂರು ಪಾಯಿಂಟ್ ಹಿಂದೆ ಇದ್ದಾಗ ವರ್ಜೀನಿಯಾದವರ ಫ್ರೀ ಥ್ರೋ ತಪ್ಪುತ್ತೆ. ಆಗ ಎನ್‌ಸಿ ಸ್ಟೇಟ್‌ನ ಮೈಕೆಲ್ ಓಕಾನೆಲ್ ಓಡುತ್ತಲೇ ದೂರದಿಂದ ಎಸೆದ ಚೆಂಡು ಬೋರ್ಡಿಗೆ ಬಡಿದು ಒಳಗೆ. 58-58, ಓವರ್‌ಟೈಮ್. ಅದೃಷ್ಟ ಅನ್ನೋರು ಅನ್ನಲಿ, ಆಮೇಲೆ 73-65ರಲ್ಲಿ ಮುಗಿಸಿದ್ದು ಅದೃಷ್ಟ ಅಲ್ಲ.

ರಿಂಗ್ ಹತ್ತಿರ ಆಡೋರು ಎನ್‌ಸಿ ಸ್ಟೇಟ್‌ನ ಡಿ.ಜೆ. ಬರ್ನ್ಸ್‌ ಕಾಲಿನ ಮೇಲೇ ಕಣ್ಣಿಡಿ: ಭಾರೀ ಮೈ, ಎಡಗೈ ಆಟ, ಅವಸರವೇ ಇಲ್ಲ.

ಬರೋರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಟೀ, ಮಂಡಕ್ಕಿಗೆ ಲೆಕ್ಕ ಬೇಕು.