ಅಂಗಡಿಯನ್ನು ಗುಡಿ ಮಾಡಬೇಡ, ತಮ್ಮಾ

ಪ್ರೀತಿಯ ತಮ್ಮಾ,

ನಿನ್ನ ಹನ್ನೆರಡು ಪುಟ ಬಂತು. ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಅಂದಹಾಗೆ ಮೇಡಂ ಮೇಡಂ ಅಂತ ಬರೆಯಬೇಡ, ಅಕ್ಕ ಅಂದರೆ ಸಾಕು. ಬೈಯುವುದಕ್ಕೂ ಅನುಕೂಲ.

ಸಣ್ಣ ಊರಿನ ಪುಸ್ತಕದಂಗಡಿ ಬಗ್ಗೆ ಬರೆಯಬೇಕು ಅಂತ ಹೊರಟಿದ್ದೀಯಲ್ಲ, ಒಳ್ಳೆಯದು. ಆದರೆ ಮೊದಲ ಪುಟದಲ್ಲೇ ಹಳೇ ಕಾಗದದ ವಾಸನೆ ಬಂತು. ಎರಡನೇ ಪುಟದಲ್ಲಿ ಮಳೆ. ಮೂರರಲ್ಲಿ ಕಿಟಕಿ ಪಕ್ಕ ಮಲಗಿದ ಬೆಕ್ಕು. ಐದನೇ ಪುಟಕ್ಕೆ ಬರುವಷ್ಟರಲ್ಲಿ ಅಂಗಡಿ ಯಜಮಾನರು ಋಷಿಯಾಗಿಬಿಟ್ಟಿದ್ದಾರೆ, ಬಿಳೀ ಗಡ್ಡ ಬೇರೆ. ಇಷ್ಟೆಲ್ಲಾ ಆದರೂ ಒಬ್ಬನೇ ಒಬ್ಬ ಒಂದು ಪುಸ್ತಕ ಕೊಂಡು ಬಿಲ್ಲು ಮಾಡಿಸಿದ್ದು ನನಗೆ ಕಾಣಲಿಲ್ಲ. ಮತ್ತೆ ಅದು ಅಂಗಡಿ ಹೇಗಾಯಿತು?

ನಾನೂ ಹೀಗೇ ಬರೆಯುತ್ತಿದ್ದೆ. ಬೆಕ್ಕು ಮಾತ್ರ ಇರಲಿಲ್ಲ.

ನನಗೆ ತುಂಬಾ ತಡವಾಗಿ ಹೊಳೆದ ಒಂದು ವಿಷಯ ಹೇಳುತ್ತೇನೆ. ಆ ಜಾಗ ಊರಿಗೆ ಬೇಕಾಗಿರುವುದು ಅದು ಪವಿತ್ರ ಅಂತ ಅಲ್ಲ, ಅದು ಅಂಗಡಿ ಅಂತ. ಅಂಗಡಿ ಅಂದರೆ ಯಾರೂ ಕರೆಯದೆ ಹೋಗಬಹುದಾದ ಜಾಗ. ಯಾರದೋ ಮನೆಗೆ ಹೋಗಬೇಕಾದರೆ ಕಾರಣ ಬೇಕು. ಸಭೆಗೆ ಹೋಗಬೇಕಾದರೆ ಆಹ್ವಾನ ಬೇಕು, ಇಲ್ಲದಿದ್ದರೆ ಮುಜುಗರ. ಲೈಬ್ರರಿಗೆ ಹೋದರೆ ಬಾಯಿ ಮುಚ್ಚಿಕೊಂಡು ಕೂರಬೇಕು. ಅಂಗಡಿಗಾದರೆ 'ಸುಮ್ನೆ ನೋಡೋಣ ಅಂತ ಬಂದೆ' ಅಂದರೆ ಮುಗಿಯಿತು. ಹೆಂಡತಿ ತೀರಿಕೊಂಡು ಮನೆಯಲ್ಲಿ ಮಾತಾಡುವವರೇ ಇಲ್ಲದವನು, ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಹೋಗಲು ಹೆದರುತ್ತಿರುವ ಹುಡುಗಿ, ವರ್ಗವಾಗಿ ಬಂದು ಊರಲ್ಲಿ ಯಾರ ಪರಿಚಯವೂ ಇಲ್ಲದ ಬ್ಯಾಂಕಿನ ನೌಕರ, ಇವರಿಗೆಲ್ಲ ಬೇಕಿರುವುದು ಮನುಷ್ಯರ ಸದ್ದು. ಹಾಗಂತ ಬಾಯಿಬಿಟ್ಟು ಕೇಳಲು ಆಗುತ್ತದಾ? ಕೈಯಲ್ಲೊಂದು ಪುಸ್ತಕ ಹಿಡಿದು ನಿಂತರೆ ಯಾರೂ ಯಾಕೆ ಬಂದೆ ಅಂತ ಕೇಳುವುದಿಲ್ಲ.

ರೇ ಓಲ್ಡನ್‌ಬರ್ಗ್ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞರೊಬ್ಬರು 1989ರಲ್ಲಿ ತಂದ ಪುಸ್ತಕದಲ್ಲಿ ಇಂಥ ಜಾಗಗಳನ್ನು 'ಮೂರನೇ ಜಾಗ' ಅಂತ ಕರೆದರು. ಮನೆ ಒಂದು, ಕೆಲಸದ ಜಾಗ ಎರಡು, ಇದು ಮೂರು. ಕಾಫಿ ಅಂಗಡಿ, ಕ್ಷೌರದಂಗಡಿ, ಪುಸ್ತಕದಂಗಡಿ ಎಲ್ಲವನ್ನೂ ಒಂದೇ ಸಾಲಲ್ಲಿ ನಿಲ್ಲಿಸಿದ್ದಾರೆ. ನನಗೆ ಅದು ಬಹಳ ಹಿಡಿಸಿತು. ಪುಸ್ತಕದಂಗಡಿಗೆ ಕ್ಷೌರದಂಗಡಿಯ ಪಕ್ಕ ಕೂರಲು ನಾಚಿಕೆ ಆಗಬಾರದು. ಎರಡು ಕಡೆಯೂ ಮುಖ್ಯ ಕೆಲಸ ಮಾತೇ. ನೀನು ಆ ಪದವನ್ನು ಮಾತ್ರ ನಿನ್ನ ಲೇಖನದಲ್ಲಿ ಬಳಸಬೇಡ, ಎಲ್ಲರೂ ಬಳಸಿ ಸವೆದುಹೋಗಿದೆ.

ಹಾಗಾದರೆ ಏನು ನೋಡಬೇಕು ಅಂತ ಕೇಳುತ್ತೀಯ. ಕೌಂಟರಿನ ಈಚೆ ನಿಂತು ನೋಡಿದ್ದು ಸಾಕು, ಆಚೆ ಹೋಗು. ಒಂದು ವಾರ ಡಬ್ಬ ಬಿಚ್ಚುವ ಕೆಲಸ ಮಾಡುತ್ತೇನೆ ಅಂತ ಕೇಳಿಕೋ. ಬೇಡ ಅನ್ನುವುದಿಲ್ಲ, ಆ ಕೆಲಸಕ್ಕೆ ಯಾವತ್ತೂ ಕೈ ಕಡಿಮೆ ಇರುತ್ತದೆ. ನಾನು ನಲವತ್ತು ದಾಟಿದ ಮೇಲೆ ಒಂದು ಸಣ್ಣ ಊರಿನ ಅಂಗಡಿಯಲ್ಲಿ ಹೀಗೆ ಕೂತಿದ್ದೆ. ಮೊದಲ ದಿನವೇ ಬೆನ್ನು ಹಿಡಿದುಕೊಂಡಿತು. ಪುಸ್ತಕ ತುಂಬಿದ ಡಬ್ಬ ಎಷ್ಟು ಭಾರ ಅಂತ ಅಲ್ಲಿಯವರೆಗೆ ಐದು ಪುಸ್ತಕ ಬರೆದಿದ್ದ ನನಗೆ ಗೊತ್ತಿರಲಿಲ್ಲ!

ಅಲ್ಲಿ ಒಬ್ಬರು ಹಿರಿಯರು ದಿನಾ ಹನ್ನೊಂದಕ್ಕೆ ಬರುತ್ತಿದ್ದರು. ಒಳಗಿನ ಕಪಾಟಿನ ಕೆಳಗಿನ ಸಾಲಿಗೆ ಬಗ್ಗಿ ಒಂದು ದಪ್ಪ ಪುಸ್ತಕ ತೆಗೆದು, ಬಸ್ ಟಿಕೆಟ್ ಇಟ್ಟಿದ್ದ ಪುಟ ಬಿಡಿಸಿ, ನಿಂತುಕೊಂಡೇ ಇಪ್ಪತ್ತು ಪುಟ ಓದಿ, ಟಿಕೆಟ್ಟನ್ನು ಮುಂದಕ್ಕೆ ಸರಿಸಿ, ಪುಸ್ತಕವನ್ನು ಅಲ್ಲೇ ಇಟ್ಟು ಹೋಗುತ್ತಿದ್ದರು. ಅಂಗಡಿಯವರಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಆ ಪ್ರತಿಯನ್ನು ಯಾರ ಕಣ್ಣಿಗೂ ಬೀಳದ ಹಾಗೆ ಕೆಳಗಿನ ಸಾಲಿಗೆ ತಳ್ಳಿದ್ದರು. ಒಂದು ದಿನ ಹಿರಿಯರು ಓದಿ ಮುಗಿಸಿ ಕೌಂಟರಿಗೆ ಬಂದರು. ಈಗಲಾದರೂ ಕೊಳ್ಳುತ್ತಾರೆ ಅಂದುಕೊಂಡೆ. 'ಕೊನೆ ಅಷ್ಟು ಚೆನ್ನಾಗಿಲ್ಲ' ಅಂತ ಹೇಳಿ ಹೊರಟುಹೋದರು.

ಇಷ್ಟನ್ನೇ ಬರೆದರೆ ಚೆಂದದ ಕತೆ. ಓದಿದವರು ಆಹಾ ಅನ್ನುತ್ತಾರೆ. ಆದರೆ ಆಮೇಲೆ ಆದದ್ದು ಬೇರೆ. ತಿಂಗಳ ಕೊನೆಗೆ, ಮಾರಾಟವಾಗದೆ ಪ್ರಕಾಶಕರಿಗೆ ವಾಪಸ್ ಕಳಿಸುವ ಪುಸ್ತಕಗಳನ್ನು ಡಬ್ಬಕ್ಕೆ ತುಂಬುವಾಗ ಈ ದಪ್ಪ ಪುಸ್ತಕ ಕೈಗೆ ಬಂತು. ಅಂಗಡಿಯವರು ಅದರ ಬೆನ್ನನ್ನು ಹೆಬ್ಬೆರಳಲ್ಲಿ ಸವರಿದರು. ಬೆನ್ನಿಗೆ ಉದ್ದಕ್ಕೆ ಗೆರೆ ಬಿದ್ದಿತ್ತು, ಮೂಲೆ ಮಡಚಿತ್ತು. ಅಂಥ ಪ್ರತಿಯನ್ನು ಪ್ರಕಾಶಕರು ವಾಪಸ್ ತೆಗೆದುಕೊಳ್ಳುವುದಿಲ್ಲ. ಅಂದರೆ ಅದರ ದುಡ್ಡು ಅವರ ಜೇಬಿನಿಂದಲೇ ಹೋಯಿತು. ಏನೂ ಮಾತಾಡದೆ ಅದನ್ನು ಪಕ್ಕಕ್ಕಿಟ್ಟು ಮುಂದಿನದನ್ನು ತೆಗೆದರು. ಅವರ ಮುಖದಲ್ಲಿ ಉದಾರತೆ ಗಿದಾರತೆ ಏನೂ ಇರಲಿಲ್ಲ, ಕಿರಿಕಿರಿಯೇ ಇತ್ತು. ಮಾರನೇ ದಿನ ಹಿರಿಯರು ಬಂದು ಇನ್ನೊಂದು ಪುಸ್ತಕಕ್ಕೆ ಟಿಕೆಟ್ ಸಿಕ್ಕಿಸಿದರು. ಆ ಕಿರಿಕಿರಿಯನ್ನು ಬರೆ, ತಮ್ಮಾ. ಅದಿಲ್ಲದೆ ಬರೆದರೆ ಅವರು ಮತ್ತೆ ಋಷಿಯಾಗುತ್ತಾರೆ.

ವಾಪಸ್ ಕಳಿಸುವ ಈ ಪದ್ಧತಿಯ ಬಗ್ಗೆ ಸ್ವಲ್ಪ ತಿಳಿದುಕೋ. ಮಾರಾಟವಾಗದ ಮಾಲನ್ನು ಹೀಗೆ ಹಿಂದಕ್ಕೆ ತೆಗೆದುಕೊಳ್ಳುವುದು ಬೇರೆ ವ್ಯಾಪಾರದಲ್ಲಿ ಅಪರೂಪ. 1930ರ ದಶಕದ ಆರ್ಥಿಕ ಕುಸಿತದ ಹೊತ್ತಿಗೆ ಅಮೆರಿಕದ ಪ್ರಕಾಶಕರು, ಅಂಗಡಿಗಳು ಹೊಸ ಪುಸ್ತಕ ತರಿಸಿಕೊಳ್ಳಲು ಹೆದರುತ್ತಿದ್ದಾಗ, ಹೋಗದಿದ್ದರೆ ವಾಪಸ್ ಕೊಡಿ ಅಂದರು. ಆ ಕಾಲ ಹೋಯಿತು, ಪದ್ಧತಿ ಉಳಿಯಿತು. ನಮ್ಮಂಥವರ ಮೊದಲ ಪುಸ್ತಕ ಅಂಗಡಿಯ ಕಪಾಟು ಹತ್ತುವುದು ಇದರಿಂದಲೇ. ಮೂರು ತಿಂಗಳಾದ ಮೇಲೆ ಸದ್ದಿಲ್ಲದೆ ಇಳಿಯುವುದೂ ಇದರಿಂದಲೇ.

ಇನ್ನು ಲಾಭದ ಲೆಕ್ಕ. ಮುಖಬೆಲೆಯಲ್ಲಿ ಅಂಗಡಿಗೆ ಸಿಗುವ ಪಾಲು ಸುಮಾರು ಮೂರನೇ ಒಂದು ಭಾಗ, ಕೆಲವು ಕಡೆ ಸ್ವಲ್ಪ ಜಾಸ್ತಿ, ಕೆಲವು ಕಡೆ ಕಡಿಮೆ. ಬಾಡಿಗೆ, ಕರೆಂಟು, ಕೆಲಸದವರ ಸಂಬಳ, ಸಾಗಾಣಿಕೆ ಎಲ್ಲ ಅದರಲ್ಲೇ ಆಗಬೇಕು. ಅದೇ ಪುಸ್ತಕವನ್ನು ಅಂತರ್ಜಾಲದ ದೊಡ್ಡ ಮಳಿಗೆ ಭಾರೀ ರಿಯಾಯಿತಿಗೆ ಕೊಟ್ಟರೆ ಸಣ್ಣವರು ಎಲ್ಲಿಂದ ಕೊಡುತ್ತಾರೆ? ಫ್ರಾನ್ಸಿನಲ್ಲಿ 1981ರಲ್ಲಿ ಒಂದು ಕಾನೂನು ಮಾಡಿದರು: ಹೊಸ ಪುಸ್ತಕಕ್ಕೆ ಶೇ 5ಕ್ಕಿಂತ ಜಾಸ್ತಿ ರಿಯಾಯಿತಿ ಯಾರೂ ಕೊಡುವಂತಿಲ್ಲ, ಅಂಗಡಿ ದೊಡ್ಡದಿರಲಿ ಸಣ್ಣದಿರಲಿ. ಬ್ರಿಟನ್ನಿನಲ್ಲಿ 1900ರಿಂದ ಇಂಥದೇ ಒಂದು ಒಪ್ಪಂದ ಇತ್ತು, ಪ್ರಕಾಶಕರು ಇಟ್ಟ ಬೆಲೆಗೇ ಮಾರಬೇಕು ಅಂತ. ಅದು 1990ರ ದಶಕದ ಮಧ್ಯದಲ್ಲಿ ಮುರಿದುಬಿತ್ತು, 1997ರಲ್ಲಿ ಕಾನೂನುಬಾಹಿರ ಅಂತಲೇ ತೀರ್ಪಾಯಿತು. ಇದೆಲ್ಲ ನಿನ್ನ ಲೇಖನಕ್ಕೆ ಬೇಕಾಗಿಲ್ಲದೆ ಇರಬಹುದು. ಆದರೆ ನಿನಗೆ ಗೊತ್ತಿರಲಿ. ಗೊತ್ತಿದ್ದರೆ, ಅಂಗಡಿಯವರು ಮಧ್ಯಾಹ್ನ ಮೂರಾದರೂ ಬೋಣಿಯಾಗದೆ ಪುಸ್ತಕದ ಧೂಳು ಒರೆಸುತ್ತಿರುವುದನ್ನು ನೋಡಿದಾಗ ನೀನು 'ಎಂಥ ನೆಮ್ಮದಿ' ಅಂತ ಬರೆಯುವುದಿಲ್ಲ.

ಆರ್ಡರ್ ಬರೆಯುವ ಪುಸ್ತಕ ಅಂತ ಒಂದಿರುತ್ತದೆ, ಕೌಂಟರಿನ ಒಳಗಡೆ, ಅದಕ್ಕೊಂದು ಪೆನ್ನು ಕಟ್ಟಿರುತ್ತದೆ. ಅಂಗಡಿಯಲ್ಲಿಲ್ಲದ ಪುಸ್ತಕ ಬೇಕಾದವರು ಅದರಲ್ಲಿ ಬರೆಸುತ್ತಾರೆ. ಊರು ಏನು ಯೋಚಿಸುತ್ತಿದೆ ಅನ್ನುವುದು ನಿನಗೆ ಅಲ್ಲಿ ಕಾಣುತ್ತದೆ. ಪರೀಕ್ಷೆ ತಿಂಗಳಲ್ಲಿ ಪುಟಗಟ್ಟಲೆ ಗೈಡುಗಳು. ನಿಜ ಹೇಳಬೇಕೆಂದರೆ ಕವಿತೆ ಪುಸ್ತಕಗಳ ಬಾಡಿಗೆ ಕಟ್ಟುವುದು ಈ ಗೈಡುಗಳು ಮತ್ತು ನೋಟ್‌ಬುಕ್ಕುಗಳೇ, ಕವಿಗಳು ಅವುಗಳ ಕಡೆ ನೋಡಿ ಮೂಗು ಮುರಿಯುವುದನ್ನು ನಿಲ್ಲಿಸಬೇಕು. ನಡುವೆ ಎಲ್ಲೋ ಸಣ್ಣ ಅಕ್ಷರದಲ್ಲಿ ಬೇರೆ ಸಾಲುಗಳಿರುತ್ತವೆ. ಸಕ್ಕರೆ ಕಾಯಿಲೆ ಬಗ್ಗೆ ಒಂದು. ವಿಚ್ಛೇದನದ ಕಾನೂನಿನ ಬಗ್ಗೆ ಒಂದು, ಅದರ ಮುಂದೆ ಹೆಸರಿಲ್ಲ, ಬರೀ ಫೋನ್ ನಂಬರು. ಆ ಪುಸ್ತಕ ಬಂದ ದಿನ ಅಂಗಡಿಯವರು ಅದನ್ನು ಹಳೇ ಪೇಪರಿನಲ್ಲಿ ಸುತ್ತಿ, ಮೇಲೊಂದು ಮಕ್ಕಳ ಬಣ್ಣದ ಪುಸ್ತಕ ಇಟ್ಟು ಕೊಟ್ಟದ್ದನ್ನು ನಾನು ನೋಡಿದೆ. ತೆಗೆದುಕೊಂಡವರೂ ಏನೂ ಹೇಳಲಿಲ್ಲ, ಇವರೂ ಹೇಳಲಿಲ್ಲ.

ಈ ಮೌನ ಸಣ್ಣ ವಿಷಯ ಅಂದುಕೊಳ್ಳಬೇಡ. ಅಮೆರಿಕದ ಡೆನ್ವರ್‌ನಲ್ಲಿ ಟ್ಯಾಟರ್ಡ್ ಕವರ್ ಅಂತ ಒಂದು ಪುಸ್ತಕದಂಗಡಿ, ಆಗ ಯಾವ ದೊಡ್ಡ ಕಂಪನಿಗೂ ಸೇರಿರಲಿಲ್ಲ. 2000ದಲ್ಲಿ ಒಂದು ಮಾದಕವಸ್ತು ಪ್ರಕರಣದ ತನಿಖೆಗೆ ಪೊಲೀಸರು ವಾರಂಟ್ ಹಿಡಿದು ಬಂದು, ಇಂಥ ಗಿರಾಕಿ ಯಾವ ಪುಸ್ತಕ ಕೊಂಡ ಅನ್ನುವ ದಾಖಲೆ ಕೇಳಿದರು. ಒಡತಿ ಜಾಯ್ಸ್ ಮೆಸ್ಕಿಸ್ ಕೊಡುವುದಿಲ್ಲ ಅಂದರು. ಕೇಸು ಕೊಲೊರಾಡೊ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2002ರಲ್ಲಿ ಅಂಗಡಿಯ ಪರವಾಗಿ ತೀರ್ಪು ಬಂತು. ಪೇಪರಿನಲ್ಲಿ ಸುತ್ತಿ ಕೊಟ್ಟದ್ದೂ ಕೋರ್ಟಿನಲ್ಲಿ ನಿಂತದ್ದೂ ಒಂದೇ ಕೆಲಸ, ಅಲ್ವಾ? ಆದ್ದರಿಂದ ನಿನಗೂ ಒಂದು ಮಾತು. ಆ ಆರ್ಡರ್ ಪುಸ್ತಕ ನೋಡಲು ಸಿಕ್ಕರೆ, ಅಲ್ಲಿ ಕಂಡದ್ದನ್ನು ಯಾರದು ಅಂತ ಗುರುತು ಸಿಗುವ ಹಾಗೆ ಬರೆಯಬೇಡ. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೆ ಸಾಲದು, ಸ್ಕೂಟರಿನ ಬಣ್ಣ ಬರೆದರೂ ಸಾಕು, ಇಡೀ ಬೀದಿಗೆ ಗೊತ್ತಾಗುತ್ತದೆ.

ನಿನ್ನ ಎಂಟನೇ ಪುಟದಲ್ಲಿ 'ಇಡೀ ಊರೇ ಅಲ್ಲಿ ಸೇರುತ್ತದೆ' ಅಂತ ಇದೆ. ಸೇರುತ್ತದಾ? ಒಂದು ಸಂಜೆ ಬಾಗಿಲ ಹತ್ತಿರ ನಿಂತು ಲೆಕ್ಕ ಹಾಕು, ಯಾರು ಒಳಗೆ ಬರುವುದಿಲ್ಲ ಅಂತ. ನಾನು ಕೂತಿದ್ದ ಅಂಗಡಿಗೆ ಡಬ್ಬ ಇಳಿಸಲು ಬರುತ್ತಿದ್ದ ಹುಡುಗ ಅಷ್ಟು ದಿನದಲ್ಲಿ ಒಮ್ಮೆಯೂ ಒಂದು ಪುಸ್ತಕ ತೆರೆದು ನೋಡಲಿಲ್ಲ. ನೋಡಬಾರದು ಅಂತ ಯಾರೂ ಹೇಳಿರಲಿಲ್ಲ, ನೋಡು ಅಂತಲೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ. ಮಗಳನ್ನು ಒಳಗೆ ಕಳಿಸಿ ಹೊರಗೆ ಬಿಸಿಲಲ್ಲೇ ಕಾಯುತ್ತಿದ್ದ ಒಬ್ಬ ತಾಯಿಯೂ ಇದ್ದರು. 'ಒಳಗೆ ಬನ್ನಿ' ಅಂದರೆ 'ನನಗೇನು ಗೊತ್ತಾಗುತ್ತೆ ಬಿಡಿ' ಅನ್ನುತ್ತಿದ್ದರು. ಎಲ್ಲರಿಗೂ ತೆರೆದ ಬಾಗಿಲು ಅಂತ ನೀನು ಬರೆಯುವ ಮುಂಚೆ ಈ ಇಬ್ಬರನ್ನು ದಾಟಿಕೊಂಡು ಹೋಗಬೇಕು.

ಹೇ-ಆನ್-ವೈ ಬಗ್ಗೆ ಒಂದು ಪ್ಯಾರಾ ಹಾಕಿದ್ದೀಯ. ಇರಲಿ. ಹಳೇ ಪುಸ್ತಕದಂಗಡಿಗಳಿಗೆ ಹೆಸರಾದ, ವೇಲ್ಸ್ ಗಡಿಯ ಆ ಪುಟ್ಟ ಊರಿನಲ್ಲಿ ರಿಚರ್ಡ್ ಬೂತ್ ಅನ್ನುವಾತ 1977ರ ಏಪ್ರಿಲ್ 1ರಂದು ಊರನ್ನೇ ಸ್ವತಂತ್ರ ರಾಜ್ಯ ಅಂತ ಸಾರಿ ತಾನೇ ರಾಜ ಅಂದದ್ದು ತಮಾಷೆಯ ಕತೆ, ಎಲ್ಲರೂ ಹೇಳುತ್ತಾರೆ. ಆದರೆ ಆತ 1960ರ ದಶಕದ ಮೊದಲಿನಿಂದಲೂ ಅಲ್ಲಿ ಹಳೇ ಪುಸ್ತಕ ಮಾರುತ್ತಿದ್ದ. ಅಮೆರಿಕದಲ್ಲಿ ಮುಚ್ಚುತ್ತಿದ್ದ ಲೈಬ್ರರಿಗಳ ಪುಸ್ತಕಗಳನ್ನು ಕೊಂಡು ಹಡಗಿನಲ್ಲಿ ತರಿಸಿದ್ದ. ನೀನು ಕಿರೀಟವನ್ನು ವರ್ಣಿಸಿದ್ದೀಯ, ಹಡಗನ್ನು ಬಿಟ್ಟಿದ್ದೀಯ. ಪೆನ್ಸಿಲ್ ಗುರುತು ಹಾಕಿದ್ದೇನೆ.

ಇನ್ನು ನೀನು ಕೊನೆಯಲ್ಲಿ ಸಂಕೋಚದಿಂದ ಕೇಳಿದ್ದು. ನಿನ್ನ ಕಥಾ ಸಂಕಲನ ಬಂದಾಗ ಅಂಗಡಿಯವರು ಅದನ್ನು ಮುಖ ಕಾಣುವ ಹಾಗೆ ಇಡುತ್ತಾರಾ, ಕಾರ್ಯಕ್ರಮ ಮಾಡಿಕೊಡುತ್ತಾರಾ ಅಂತ. ಕೇಳು, ತಪ್ಪೇನಿಲ್ಲ. ಆದರೆ ಮುಖ ಕಾಣುವ ಹಾಗೆ ಇಟ್ಟ ಒಂದು ಪುಸ್ತಕದ ಜಾಗದಲ್ಲಿ ಬೆನ್ನು ಕಾಣುವ ಹಾಗೆ ಐದಾರು ಪುಸ್ತಕ ಹಿಡಿಸುತ್ತವೆ. ನಿನಗಾಗಿ ಅವರು ಬಿಟ್ಟುಕೊಡುವುದು ಅಷ್ಟು ಜಾಗ. ನೀನು ಅಲ್ಲಿಂದ ಏನು ಕೊಂಡಿದ್ದೀಯ ಇಲ್ಲಿಯವರೆಗೆ? ಅಲ್ಲಿ ಪುಟ ತಿರುವಿ ನೋಡಿ, ಮನೆಗೆ ಹೋಗಿ ಮೊಬೈಲಿನಲ್ಲಿ ತರಿಸಿಕೊಳ್ಳುವ ಅಭ್ಯಾಸ ಇದ್ದರೆ ಈ ಲೇಖನ ಬರೆಯಬೇಡ. ಬೇಜಾರಾದರೂ ಪರವಾಗಿಲ್ಲ.

ಪ್ಯಾರಿಸ್ ಸಣ್ಣ ಊರಲ್ಲ, ಆದರೂ ಸಿಲ್ವಿಯಾ ಬೀಚ್ ನೆನಪಾಗುತ್ತಾರೆ. 1919ರಲ್ಲಿ ಅವರು ತೆರೆದ ಶೇಕ್ಸ್‌ಪಿಯರ್ ಅಂಡ್ ಕಂಪನಿ ಅನ್ನುವ ಪುಸ್ತಕದಂಗಡಿಯಲ್ಲಿ ಮಾರಾಟದ ಜೊತೆ ಪುಸ್ತಕ ಎರವಲು ಕೊಡುವುದೂ ಇತ್ತು. ಜೇಬಲ್ಲಿ ದುಡ್ಡಿಲ್ಲದೆ ಬಂದ ಅಮೆರಿಕದ ಲೇಖಕ ಹೆಮಿಂಗ್ವೇಗೆ ಆಮೇಲೆ ಕೊಟ್ಟರಾಯಿತು ಅಂತ ಪುಸ್ತಕ ಕೊಟ್ಟು ಕಳಿಸಿದರು. 1930ರ ದಶಕದಲ್ಲಿ ಅಂಗಡಿ ಮುಚ್ಚುವ ಹಂತಕ್ಕೆ ಬಂದಾಗ ಆಂದ್ರೆ ಜೀದ್ ಮೊದಲಾದ ಲೇಖಕರು ಸೇರಿ ಗೆಳೆಯರ ಬಳಗ ಕಟ್ಟಿ, ಚಂದಾ ಎತ್ತಿ, ತಮ್ಮ ಬರಹ ಅಲ್ಲೇ ಓದಿ ಉಳಿಸಿಕೊಂಡರು. ಹೆಮಿಂಗ್ವೇ ಕೂಡ 1937ರಲ್ಲಿ ಬಂದು ಓದಿದರು. ಸಾಲ ತೀರಿತು ಅನ್ನು.

ಕಾರ್ಯಕ್ರಮದ ವಿಷಯಕ್ಕೆ ಬಂದರೆ, ನನ್ನ ಎರಡನೇ ಪುಸ್ತಕಕ್ಕೆ ಹೀಗೇ ಒಂದು ಅಂಗಡಿಯಲ್ಲಿ ಓದು ಇಟ್ಟುಕೊಂಡಿದ್ದರು. ಒಳಗೆ ಇಪ್ಪತ್ತು ಕುರ್ಚಿ ಇದ್ದವು, ಅವರು ಹಾಕಿದ್ದು ಆರೇ. ಯಾಕೆ ಅಂದೆ. 'ಜನ ಜಾಸ್ತಿ ಬಂದರೆ ಕುರ್ಚಿ ತರುತ್ತೇವೆ, ಅದು ನೋಡಲು ಚೆನ್ನಾಗಿರುತ್ತೆ. ಕಡಿಮೆ ಬಂದರೆ ಕುರ್ಚಿ ಎತ್ತಿಡುವುದು ನಿಮ್ಮ ಕಣ್ಣಿಗೆ ಬೀಳಬಾರದು' ಅಂದರು. ಬಂದದ್ದು ಏಳು ಜನ. ಒಂದು ಕುರ್ಚಿ ತರಲು ಅವರು ಒಳಗೆ ಎಷ್ಟು ಗಡಿಬಿಡಿಯಿಂದ ಓಡಿದರು ಅಂದರೆ, ನನಗೆ ಹೌಸ್‌ಫುಲ್ ಆದ ಹಾಗೇ ಅನಿಸಿತು.

ನಿನ್ನ ಪುಟಗಳನ್ನು ಗುರುತು ಹಾಕಿ ಅಂಚೆಯಲ್ಲಿ ಕಳಿಸಿದ್ದೇನೆ. ಬೆಕ್ಕನ್ನು ಹೊಡೆದುಹಾಕಿಲ್ಲ, ಅದು ನಿಜವಾಗಿ ಅಲ್ಲಿದ್ದರೆ ಇರಲಿ, ಆದರೆ ಅದು ಯಾವ ಪುಸ್ತಕಗಳ ಮೇಲೆ ಮಲಗುತ್ತದೆ ಅಂತ ನೋಡಿ ಬರೆ. ಮುಂದಿನ ಪ್ರತಿ ಕಳಿಸುವಾಗ ಅಕ್ಷರ ಸ್ವಲ್ಪ ದೊಡ್ಡದು ಮಾಡು, ನನ್ನ ಕನ್ನಡಕದ ನಂಬರು ಮತ್ತೆ ಏರಿದೆ. ಅವಸರ ಇಲ್ಲ. ಮೊದಲು ಆ ಒಂದು ವಾರ ಡಬ್ಬ ಬಿಚ್ಚಿ ಬಾ.

ಪ್ರೀತಿಯಿಂದ,
ಅಕ್ಕ