ಹಿಕ್ಕೆ ಎಣಿಸೋದು ಕಲಿಸಿದವರಿಗೆಲ್ಲ ಥ್ಯಾಂಕ್ಸ್

ನಮ್ಮ ಮೊಲದ ಮರಿ ಎಳ್ಳಿಗೆ ಇವತ್ತು ಆರು ತಿಂಗಳು ತುಂಬ್ತು. ತೂಕ 1 ಕೆಜಿ 640 ಗ್ರಾಂ. ಅಡುಗೆಮನೆ ತಕ್ಕಡಿ ಮೇಲೆ ಪಾತ್ರೆ ಇಟ್ಟು ಅದ್ರೊಳಗೆ ಕೂರಿಸಿ ತೂಗಿದ್ದು, ಮಧ್ಯೆ ಎರಡು ಸಲ ಹಾರಿ ಓಡಿ ಹೋಯ್ತು, ಹಾಗಾಗಿ ಹತ್ತಿಪ್ಪತ್ತು ಗ್ರಾಂ ಆಚೀಚೆ ಇರಬಹುದು. ಮನೆಗೆ ಬಂದಾಗ ಇದ್ದಿದ್ದು 380 ಗ್ರಾಂ, ಅಂಗೈಯಲ್ಲಿ ಕೂತ್ರೆ ಇನ್ನೂ ಜಾಗ ಉಳೀತಿತ್ತು. ಕಪ್ಪಗೆ ಚಿಕ್ಕದಾಗಿದೆ ಅಂತ ಅಣ್ಣನ ಮಗಳು ಎಳ್ಳು ಅಂತ ಹೆಸರಿಟ್ಳು. ಆ ಮೊದಲ ತಿಂಗಳಲ್ಲಿ ಮನೆಗೆ ಬಂದ ನೆಂಟರೊಬ್ರು ನೋಡಿ, ಎಳ್ಳು ಅಂತ ಹೆಸರಿಟ್ಟಿದೀರ, ಎಳ್ಳುನೀರು ಬಿಡೋದೊಂದೇ ಬಾಕಿ ಅಂದ್ರು. ಕೋಪ ಬಂತು ನಂಗೆ, ಆದ್ರೆ ನಿಜ ಹೇಳ್ಬೇಕಂದ್ರೆ ಒಳಗೊಳಗೆ ನಾನೂ ಅದೇ ಅಂದ್ಕೊಂಡಿದ್ದೆ.

ಒಬ್ಬೊಬ್ಬರಿಗೂ ಬೇರೆ ಬೇರೆ ಥ್ಯಾಂಕ್ಸ್ ಹೇಳೋಕೆ ಹೋದ್ರೆ ಯಾರನ್ನೋ ಬಿಟ್ಬಿಡ್ತೀನಿ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಾ ಇದೀನಿ. ಸ್ವಲ್ಪ ಉದ್ದ ಆಗುತ್ತೆ. ಊಟ ಮಾಡ್ತಾ ಓದ್ಬೇಡಿ, ತುಂಬಾ ಹಿಕ್ಕೆ ವಿಷಯ ಬರುತ್ತೆ.

ಮೊದಲನೇ ಥ್ಯಾಂಕ್ಸ್ ನನ್ನ ಕಾಲೇಜ್ ಗೆಳತಿಗೆ, ರಾತ್ರಿ ಹನ್ನೊಂದೂವರೆಗೆ ಫೋನ್ ಎತ್ತಿ ನಂಗೆ ಬೈದಿದ್ದಕ್ಕೆ. ಆಗಿದ್ದೇನಂದ್ರೆ, ಮಾರಿದವರು ಎರಡು ತಿಂಗಳ ಮರಿ ಅಂದಿದ್ರು, ನಾನು ನಂಬಿದ್ದೆ. ಜೊತೆಗೆ ಬಣ್ಣಬಣ್ಣದ ಕಾಳು, ಒಣಗಿದ ಹಣ್ಣಿನ ಚೂರು ಎಲ್ಲಾ ಕಲೆಸಿದ ಒಂದು ಪ್ಯಾಕೆಟ್ ಕೊಟ್ಟು ಇದೇ ಊಟ ಅಂದಿದ್ರು. ನಾನು ಮುದ್ದಿಗೆ ಅಂತ ಕ್ಯಾರೆಟ್ ಹೆಚ್ಚಿ ಹಾಕಿದೆ, ಮೊಲ ಅಂದ್ರೆ ಕ್ಯಾರೆಟ್ ತಾನೆ ಚಿಕ್ಕವರಿದ್ದಾಗಿಂದ ಪುಸ್ತಕದಲ್ಲಿ ನೋಡಿದ್ದು. ನಾಲ್ಕನೇ ದಿನ ರಾತ್ರಿ ನೋಡಿದ್ರೆ ಹಿಂದೆಲ್ಲ ನೀರು ನೀರು ಭೇದಿ, ವಾಸನೆ, ಮರಿ ಮೂಲೇಲಿ ಮುದುಡಿ ಕೂತಿದೆ. ನಾನು ಮಾಡಿದ ಮೊದಲ ಕೆಲಸ ಅದನ್ನ ನಲ್ಲಿ ಕೆಳಗೆ ಹಿಡಿದು ಸ್ನಾನ ಮಾಡಿಸಿದ್ದು. ಎರಡನೇ ಕೆಲಸ, ಅಣ್ಣನ ಮಗಳಿಗೆ ಕೆಮ್ಮು ಬಂದಾಗ ಕೊಟ್ಟು ಉಳಿದಿದ್ದ ಆಂಟಿಬಯೋಟಿಕ್ ಸಿರಪ್ ಬಾಟಲ್ ಕೈಗೆ ತಗೊಂಡಿದ್ದು. ಎರಡು ಹನಿ ಸಾಕಾ ಅಂತ ಕೇಳೋಕೆ ಆ ಗೆಳತಿಗೆ ಫೋನ್ ಮಾಡಿದೆ, ಅವಳ ಮನೇಲಿ ಎರಡು ಮೊಲ ಇದ್ವು ಅನ್ನೋದು ನೆನಪಿತ್ತು ಅಷ್ಟೇ.

"ಅಮಾಕ್ಸಿಸಿಲಿನ್ನಾ? ಕೆಳಗಿಡು ಅದನ್ನ! ಕೊಂದ್ಬಿಡ್ತೀಯ!" ಅಂತ ಕಿರುಚಿದ್ಳು. ಆಮೇಲೆ ಸಮಾಧಾನವಾಗಿ ಹೇಳಿದ್ಳು: ಮೊಲದ ಹೊಟ್ಟೆ ನಡೆಯೋದೇ ಒಳಗಿರೋ ಒಳ್ಳೆ ಬ್ಯಾಕ್ಟೀರಿಯಾದಿಂದ, ಪೆನ್ಸಿಲಿನ್ ಜಾತಿ ಔಷಧ ಬಾಯಿಂದ ಕೊಟ್ರೆ ಆ ಒಳ್ಳೇವು ಸತ್ತು ಕ್ಲಾಸ್ಟ್ರಿಡಿಯಂ ಥರ ಕೆಟ್ಟವು ತುಂಬ್ಕೊಂಡು ವಿಷ ಬಿಡುತ್ವೆ, ನಮಗೆ ಮಾಮೂಲಿ ಆಗಿರೋ ಔಷಧ ಅದಕ್ಕೆ ಪ್ರಾಣಕ್ಕೇ ಕುತ್ತು. ಸ್ನಾನ ಮಾಡಿಸಿದೆ ಅಂದಾಗ ಇನ್ನೊಂದು ರೌಂಡ್ ಬೈದ್ಳು, ಒದ್ದೆ ಮರಿ ತಣ್ಣಗಾಗಿ ಬಿಡುತ್ತೆ ಅಂತ. ಟವೆಲಲ್ಲಿ ಒರೆಸಿ, ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡು, ಬೆಳಗಾಗೋವರೆಗೆ ಕಾಯ್ಬೇಡ, ಈಗ್ಲೇ ರಾತ್ರಿ ತೆರೆದಿರೋ ಕ್ಲಿನಿಕ್ ಹುಡುಕು, ಮರಿ ಮೊಲಕ್ಕೆ ಭೇದಿ ಅಂದ್ರೆ ಗಂಟೆಗಳ ಲೆಕ್ಕ ಅಂದ್ಳು. ಆ ಎರಡು ಹನಿ ನಾನು ಹಾಕ್ಬಿಟ್ಟಿದ್ರೆ ಈ ಬರಹ ಇರ್ತಿರಲಿಲ್ಲ ಕಣೇ. ಇನ್ನೆಷ್ಟು ಬೈದ್ರೂ ಬೈಸ್ಕೊಳ್ತೀನಿ.

ಮೊದಲು ಹೋದ ಕ್ಲಿನಿಕ್‌ನಲ್ಲಿ, ಮೊಲ ಅಲ್ವಾ, ಇದಕ್ಕೆ ಖರ್ಚು ಮಾಡೋ ಬದಲು ಇನ್ನೊಂದು ತಗೊಳ್ಳಿ ಅಂದ್ರು. ಅವರಿಗೆ ಥ್ಯಾಂಕ್ಸ್ ಇಲ್ಲ. ಮುಂದಕ್ಕೆ ಹೋಗೋಣ.

ಎರಡನೇ ಕಡೆ ಸಿಕ್ಕ ಡಾಕ್ಟರ್ ಮರಿ ನೋಡೋಕ್ ಮೊದಲು ನನ್ನ ಕೇಳಿದ್ದು, ಹಿಕ್ಕೆ ತಂದಿದೀರಾ? ಇಲ್ಲ. ಎಷ್ಟು ಹೊತ್ತಿಂದ ಹಿಕ್ಕೆ ಹಾಕಿಲ್ಲ? ಗೊತ್ತಿಲ್ಲ. ಹುಲ್ಲು ತಿಂತಿದ್ಯಾ? ಹುಲ್ಲಾ? ಅವರು ನನ್ನ ಮುಖ ನೋಡಿದ ರೀತಿ ಇವತ್ತೂ ಮರೆತಿಲ್ಲ, ಆದ್ರೆ ಒಂದು ಮಾತು ಬೈಲಿಲ್ಲ. ಸ್ವಲ್ಪ ಭೇದಿ ತೆಗೆದು ಗ್ಲಾಸ್ ಮೇಲೆ ಹಚ್ಚಿ ಮೈಕ್ರೋಸ್ಕೋಪ್ ಕೆಳಗಿಟ್ಟು, ಬನ್ನಿ ನೀವೇ ನೋಡಿ ಅಂತ ಕರೆದ್ರು. ದುಂಡಗೆ ಮೊಟ್ಟೆ ಥರ ಕಾಣೋವು, ಕಾಕ್ಸಿಡಿಯಾ ಅನ್ನೋ ಪರಾವಲಂಬಿ ಕ್ರಿಮಿ. ಎಳೆ ಮೊಲಗಳಲ್ಲಿ ತುಂಬಾ ಸಾಮಾನ್ಯವಂತೆ, ದೊಡ್ಡವು ತಡ್ಕೊಳ್ತವೆ, ಮರಿಗೆ ಕರುಳು ಹಾಳು ಮಾಡುತ್ತೆ. ಹಲ್ಲು, ಮೈ ಎಲ್ಲಾ ನೋಡಿ, ಇದು ಎರಡು ತಿಂಗಳ ಮರಿ ಅಲ್ಲ, ಐದು ವಾರ ಇರಬಹುದು ಅಂದ್ರು.

ಅದು ಯಾಕೆ ದೊಡ್ಡ ವಿಷಯ ಅಂತ ಅವರು ರಾತ್ರಿ ಒಂದು ಗಂಟೇಲಿ ಕೂರಿಸಿ ಹೇಳಿದ್ದು ನಂಗೆ ಈಗ್ಲೂ ಬಾಯಿಪಾಠ. ದೊಡ್ಡ ಮೊಲದ ಹೊಟ್ಟೇಲಿ ಆಸಿಡ್ ಎಷ್ಟು ಜೋರಿರುತ್ತೆ ಅಂದ್ರೆ ಪಿಎಚ್ 1ರಿಂದ 2, ತಿಂದಿದ್ದರ ಜೊತೆ ಬಂದ ಕ್ರಿಮಿ ಹೆಚ್ಚುಕಮ್ಮಿ ಅಲ್ಲೇ ಸಾಯುತ್ತೆ. ಹಾಲು ಕುಡಿಯೋ ಮರಿಗೆ ಅಷ್ಟು ಆಸಿಡ್ ಇನ್ನೂ ಬಂದಿರಲ್ಲ, ಅದನ್ನ ಕಾಯೋದು ಅಮ್ಮನ ಹಾಲು. ಹಾಲು ಬಿಟ್ಟು ಹುಲ್ಲಿಗೆ ಬರೋ ಆ ಕೆಲವು ವಾರದಲ್ಲಿ ಅತ್ತ ಹಾಲಿನ ಕಾವಲೂ ಇಲ್ಲ, ಇತ್ತ ಆಸಿಡ್ ಕಾವಲೂ ಪೂರ್ತಿ ಬಂದಿಲ್ಲ, ಸರಿಯಾಗಿ ಆ ಹೊತ್ತಲ್ಲೇ ತಾಯಿಂದ ಬಿಡಿಸಿ, ಬುಟ್ಟೀಲಿ ಹಾಕಿ, ಹೊಸ ಮನೆ, ಹೊಸ ಊಟ, ಹೊಸ ಸದ್ದು. ಅದಕ್ಕೆ ಎಂಟು ವಾರ ಆಗೋವರೆಗೆ ತಾಯಿ ಹತ್ರಾನೇ ಇರಲಿ ಅನ್ನೋದು. ನಾನು ಮರಿ ತಂದ ಖುಷೀಲಿ ಫೋಟೋ ಹಾಕಿದಾಗ ಲೈಕ್ ಒತ್ತಿದ ಅಷ್ಟೂ ಜನಕ್ಕೆ ಇದು ಗೊತ್ತಿರಲಿಲ್ಲ, ನಂಗೂ ಗೊತ್ತಿರಲಿಲ್ಲ.

ಚರ್ಮದ ಕೆಳಗೆ ಸಲೈನ್ ಕೊಟ್ರು, ಬೆನ್ನ ಮೇಲೆ ಒಂದು ಸಣ್ಣ ಗುಳ್ಳೆ ಥರ ಊದಿ ನಿಧಾನಕ್ಕೆ ಇಳೀತು. ಕಾಕ್ಸಿಡಿಯಾಗೆ ಸಲ್ಫಾ ಸಿರಪ್, ತೂಕ ನೋಡಿ ಲೆಕ್ಕ ಹಾಕಿ ಸಿರಿಂಜಲ್ಲಿ ಗೆರೆ ಎಳೆದು ಕೊಟ್ರು. ಕಾಳಿನ ಪ್ಯಾಕೆಟ್ ಬಂದ್, ಕ್ಯಾರೆಟ್ ಬಂದ್, ಹುಲ್ಲು, ನೀರು, ಸ್ವಲ್ಪ ಸಾದಾ ಪೆಲೆಟ್ (ಒತ್ತಿ ಮಾಡಿದ ಸಣ್ಣ ಮೇವಿನ ಗುಳಿಗೆ) ಅಷ್ಟೇ.

ಇಲ್ಲಿ ಅಮ್ಮನಿಗೆ ಥ್ಯಾಂಕ್ಸ್ ಹೇಳ್ಬೇಕು. ಅಮ್ಮ ಈ ಮೊಲ ಬೇಡ ಅಂತ ಮೊದಲ ದಿನದಿಂದ ಹೇಳ್ತಾನೇ ಇದ್ದವರು. ಆ ಕಾಕ್ಸಿಡಿಯಾ ಮೊಟ್ಟೆಗಳು ಸಾಮಾನ್ಯ ಫಿನಾಯಿಲಿಗೆಲ್ಲ ಜಗ್ಗಲ್ಲ, ಹೊರಗೆ ಬಿದ್ದ ಮೇಲೆ ಒಂದೆರಡು ದಿನದಲ್ಲಿ ಮತ್ತೆ ರೋಗ ಹರಡೋ ಹಾಗೆ ಬಲಿಯುತ್ವೆ, ಅಷ್ಟರೊಳಗೆ ದಿನಾ ಗುಡಿಸಿ ಕುದಿಯೋ ನೀರು ಹಾಕ್ಬೇಕು ಅಂದಿದ್ರು ಡಾಕ್ಟರ್. ನಾನು ಆಫೀಸಿಗೆ ಹೊರಡೋಷ್ಟರಲ್ಲಿ ಅಮ್ಮ ಪಂಜರ ಬಿಚ್ಚಿ ಕುದಿನೀರು ಸುರಿದು ಬಿಸಿಲಿಗೆ ಒಣಗಿಸಿರೋರು, ಗೊಣಗ್ತಾನೇ. ಆದ್ರೆ ಅಮ್ಮನಿಂದ ಒಂದು ಎಡವಟ್ಟೂ ಆಯ್ತು. ಎಳ್ಳು ಬೆಳಗಿನ ಜಾವ ತಲೆ ಬಗ್ಗಿಸಿ ಹಿಂದಿಂದ ಏನೋ ತಿಂತಿತ್ತು, ಅಮ್ಮ ಛೀ ಛೀ ಅಂತ ಓಡಿಸೋರು. ಮೂರು ದಿನ ಓಡಿಸಿದಾರೆ! ಆಮೇಲೆ ಡಾಕ್ಟರ್ ನಕ್ಕು ಹೇಳಿದ್ರು, ಅಮ್ಮಾ ಅದು ಅದರ ಟಿಫನ್ನು. ಮೊಲ ಎರಡು ಥರ ಹಾಕುತ್ತಂತೆ, ಒಂದು ಗಟ್ಟಿ ದುಂಡನೆ ಹಿಕ್ಕೆ, ಇನ್ನೊಂದು ಮೆತ್ತಗೆ ಹೊಳೆಯೋ ಕಪ್ಪು ದ್ರಾಕ್ಷಿ ಗೊಂಚಲು ಥರದ್ದು. ಎರಡನೇದು ಸೀಕಮ್ ಅನ್ನೋ ಕರುಳಿನ ಚೀಲದಲ್ಲಿ ಹುದುಗಿ ಬರೋದು, ಪ್ರೋಟೀನು ಬಿ ವಿಟಮಿನ್ನು ಎಲ್ಲಾ ಅದ್ರಲ್ಲಿರುತ್ತೆ, ಅದನ್ನ ಬಾಯಿ ಹಾಕಿ ನೇರ ತಿಂದು ಎರಡನೇ ಸಲ ಜೀರ್ಣ ಮಾಡ್ಕೊಳ್ಳುತ್ತೆ. ಹಸು ಮೆಲುಕು ಹಾಕಲ್ವಾ, ಇದರ ಮೆಲುಕು ಸ್ವಲ್ಪ ದೂರ ಸುತ್ತಿ ಬರುತ್ತೆ ಅಷ್ಟೇ ಅಂದ್ರು. ಅವತ್ತಿಂದ ಅಮ್ಮ ಬೆಳಿಗ್ಗೆ ಆ ಹೊತ್ತಲ್ಲಿ ಅದರ ರೂಮಿಗೆ ಯಾರನ್ನೂ ಬಿಡಲ್ಲ, ತಿಂಡಿ ತಿಂತಿದೆ ಅಂತಾರೆ.

ಭೇದಿ ನಿಂತು, ಹತ್ತು ದಿನ ಚೆನ್ನಾಗಿತ್ತು. ಆಮೇಲೆ ಒಂದು ಭಾನುವಾರ ಮನೆ ತುಂಬ ಜನ, ಮಕ್ಕಳು ಎತ್ತಿ ಎತ್ತಿ ಮುದ್ದಾಡಿದ್ವು, ಯಾರೋ ಬಾಳೆಹಣ್ಣು ಕೊಟ್ರು (ಯಾರೋ ಅಲ್ಲ, ನಾನೇ. ಗುಣ ಆಯ್ತಲ್ಲ ಅಂತ). ಸೋಮವಾರ ಬೆಳಿಗ್ಗೆ ಅಣ್ಣನ ಮಗಳು ತನ್ನ ನೋಟ್‌ಬುಕ್ ಹಿಡ್ಕೊಂಡು ಬಂದ್ಳು. ಡಾಕ್ಟರ್ ಹಿಕ್ಕೆ ಗಮನಿಸಿ ಅಂದಿದ್ದನ್ನ ಅವಳು ಹೋಂವರ್ಕ್ ಥರ ತಗೊಂಡು, ಒಂದೊಂದು ಪುಟಕ್ಕೆ ದಿನಾಂಕ ಹಾಕಿ ಗೀಟು ಎಳೆದು ಎಣಿಸ್ತಾ ಇದ್ಳು, ಒಂದು ದಿನ 214, ಒಂದು ದಿನ 190. ಅವತ್ತು ಪುಟ ಖಾಲಿ. "ರಾತ್ರಿಯಿಂದ ಒಂದೂ ಇಲ್ಲ" ಅಂದ್ಳು. ಎಂಟು ವರ್ಷದ ಹುಡುಗಿ ಆ ಪುಸ್ತಕ ಇಟ್ಟಿರಲಿಲ್ಲ ಅಂದ್ರೆ ನಾವು ಸಂಜೆವರೆಗೆ ಗಮನಿಸ್ತಿರಲಿಲ್ಲ. ಮೂಲೇಲಿ ಬೆನ್ನು ಗೂನು ಮಾಡಿ, ಕಣ್ಣು ಅರ್ಧ ಮುಚ್ಚಿ, ಕಟ ಕಟ ಅಂತ ಹಲ್ಲು ಕಡೀತಾ ಕೂತಿತ್ತು. ಖುಷಿಗೂ ಮೆತ್ತಗೆ ಹಲ್ಲು ಆಡಿಸುತ್ತೆ, ಇದು ಆ ಸದ್ದಲ್ಲ, ನೋವಿನ ಸದ್ದು.

ಆಫೀಸಿಗೆ ಫೋನ್ ಮಾಡಿ ಮ್ಯಾನೇಜರಿಗೆ ಸರ್ ಇವತ್ತು ರಜೆ ಬೇಕು, ಮೊಲ ಹಿಕ್ಕೆ ಹಾಕಿಲ್ಲ ಅಂದೆ. ಸುಳ್ಳು ಹೇಳೋಕೂ ತಲೆ ಓಡ್ಲಿಲ್ಲ. ಆಕಡೆ ಒಂದು ಕ್ಷಣ ಏನೂ ಸದ್ದಿಲ್ಲ. ಆಮೇಲೆ "ಹೋಗಿ, ಹಾಕಿದ ಮೇಲೆ ಮೆಸೇಜ್ ಮಾಡಿ" ಅಂದ್ರು. ಸರ್, ಆ ಮೆಸೇಜ್ ಕಳಿಸಿದ್ದು ಬೆಳಗಿನ ಜಾವ ನಾಲ್ಕು ಗಂಟೆಗೆ, ಅದಕ್ಕೆ ಸಾರಿ, ನೀವು ಆ ಹೊತ್ತಲ್ಲೂ ಥಂಬ್ಸಪ್ ಹಾಕಿದ್ದಕ್ಕೆ ಥ್ಯಾಂಕ್ಸ್. ನನ್ನ ಕೆಲಸ ಎರಡು ದಿನ ಹಂಚ್ಕೊಂಡ ಟೀಮಿನವರಿಗೂ.

ಇದಕ್ಕೆ ಸ್ಟೇಸಿಸ್ ಅಂತಾರೆ, ಕರುಳು ಓಡೋದು ನಿಲ್ಲಿಸಿಬಿಡೋದು. ಕರುಳು ನಿಧಾನ ಆದ್ರೆ ಗ್ಯಾಸ್ ತುಂಬುತ್ತೆ, ಗ್ಯಾಸ್ ತುಂಬಿದ್ರೆ ನೋವು, ನೋವಾದ್ರೆ ತಿನ್ನಲ್ಲ, ತಿನ್ನದೇ ಇದ್ರೆ ಕರುಳು ಇನ್ನೂ ನಿಧಾನ, ಗಾಣದ ಎತ್ತಿನ ಥರ ಅದೇ ಸುತ್ತು. ಮೊಲಕ್ಕೆ ವಾಂತಿ ಮಾಡೋಕೂ ಬರಲ್ಲ, ಒಳಗಿದ್ದಿದ್ದು ಮುಂದಕ್ಕೇ ಹೋಗ್ಬೇಕು. ಡಾಕ್ಟರ್ ಟೆಂಪರೇಚರ್ ನೋಡಿದ್ರು, 37.3 ಡಿಗ್ರಿ ಸೆಲ್ಸಿಯಸ್. ನಮಗೆ ಅದು ಸರಿಯಾಗಿದೆ ಅನ್ಸುತ್ತೆ, ಆದ್ರೆ ಮೊಲದ ಮೈ 38.5ರ ಮೇಲಿರ್ಬೇಕು. ನಾನು ಊಟ ಕೊಡಿ ಊಟ ಕೊಡಿ ಅಂತಿದೀನಿ, ಅವರು ಮೊದಲು ಬೆಚ್ಚಗೆ ಮಾಡೋಣ ಅಂತಾರೆ. ಎಕ್ಸ್‌ರೇ ತೆಗೆದು ಎಲ್ಲೂ ಅಡ್ಡ ಸಿಕ್ಕಿಲ್ಲ ಅಂತ ಖಾತ್ರಿ ಮಾಡ್ಕೊಂಡ ಮೇಲೇನೇ ಊಟ, ಅಡ್ಡ ಸಿಕ್ಕಿದ್ದಾಗ ಬಲವಂತವಾಗಿ ತಿನ್ಸಿದ್ರೆ ಹೊಟ್ಟೆ ಒಡೆಯೋ ಅಪಾಯ ಅಂತೆ. ನೋವಿಗೆ ಇಂಜೆಕ್ಷನ್, ಸಲೈನ್, ಕರುಳು ಓಡ್ಸೋ ಔಷಧ. ಬಾಳೆಹಣ್ಣಿಂದಾನೇ ಆಯ್ತಾ ಡಾಕ್ಟ್ರೇ ಅಂತ ಕೇಳ್ದೆ, ಒಂದೇ ಕಾರಣ ಅಂತ ಹೇಳೋಕಾಗಲ್ಲ, ಗಲಾಟೆ ಭಯ ಸಿಹಿ ಎಲ್ಲಾ ಸೇರುತ್ತೆ ಅಂದ್ರು. ನನ್ನ ಮೇಲೆ ಪೂರ್ತಿ ಹೊರಿಸ್ಲಿಲ್ಲ. ಆ ಒಂದು ವಾಕ್ಯಕ್ಕೇ ನಾನು ಅವರಿಗೆ ಋಣಿ.

ಸಿರಿಂಜಲ್ಲಿ ಹಸಿರು ಗಂಜಿ ತಿನ್ನಿಸೋದು ಕಲಿಸಿದ ನರ್ಸ್ ಅಕ್ಕನಿಗೆ ಬೇರೆ ಥ್ಯಾಂಕ್ಸ್. ನಾನು ಮಗು ಥರ ಅಂಗಾತ ಮಲಗಿಸಿದೆ, ಅವರು ತಕ್ಷಣ ತಿರುಗಿಸಿ, ನಾಲ್ಕು ಕಾಲ ಮೇಲೇ ಇರಲಿ, ಇಲ್ಲಾಂದ್ರೆ ಶ್ವಾಸಕ್ಕೆ ಹೋಗುತ್ತೆ ಅಂದ್ರು. ಟವೆಲಲ್ಲಿ ಸುತ್ತಿ, ಮುಂದಿನ ಹಲ್ಲಿನ ಹಿಂದೆ ಪಕ್ಕದಿಂದ ಸಿರಿಂಜ್ ತೂರಿಸಿ, ಒಂದ್ ಸಲಕ್ಕೆ ಅರ್ಧ ಎಂಎಲ್, ಅಗಿದು ನುಂಗೋವರೆಗೆ ಕಾಯೋದು, ಮತ್ತೆ ಅರ್ಧ. ಐದು ಎಂಎಲ್ ಮುಗಿಸೋಕೆ ಮುಕ್ಕಾಲು ಗಂಟೆ. ರಾತ್ರಿಯೆಲ್ಲ ನಾನೂ ಅಮ್ಮನೂ ಪಾಳಿ ಮೇಲೆ ಕೂತ್ವಿ, ಅವರ ಸೀರೆ ತುಂಬ ಹಸಿರು ಗಂಜಿ.

ನಾಲ್ಕು ಗಂಟೆ ಸುಮಾರಿಗೆ ಟವೆಲ್ ಮೇಲೆ ಒಂದು ಬಿತ್ತು. ಸಣ್ಣದು, ಒಣಕಲು, ಮೆಣಸಿನಕಾಳಿಗಿಂತ ಚಿಕ್ಕದು. ಅಮ್ಮ ಅದನ್ನ ಬೆರಳಲ್ಲಿ ಎತ್ತಿ ಲೈಟಿಗೆ ಹಿಡಿದು ನೋಡಿದ್ರು, ಚಿನ್ನದಂಗಡೀಲಿ ಮೂಗುತಿ ಹರಳು ನೋಡ್ತಾರಲ್ಲ ಹಾಗೆ. ಹುಡುಗೀನ ಎಬ್ಬಿಸ್ಬೇಡ ಅಂದ್ರು, ಆಮೇಲೆ ತಾವೇ ಹೋಗಿ ಎಬ್ಬಿಸಿದ್ರು. ಅವಳು ಕಣ್ಣುಜ್ಜಿಕೊಂಡು ಬಂದು ನೋಟ್‌ಬುಕ್‌ನಲ್ಲಿ ಒಂದು ಗೀಟು ಎಳೆದು ಹೋಗಿ ಮಲಗಿದ್ಳು.

ಬೆಳಿಗ್ಗೆ ಏಳಕ್ಕೆ ಹನ್ನೊಂದು. ಮಧ್ಯಾಹ್ನ ತಾನೇ ಬಂದು ಒಂದು ಎಳೆ ಹುಲ್ಲು ಬಾಯಲ್ಲಿಟ್ಕೊಂಡು, ತಿನ್ಲೋ ಬೇಡ್ವೋ ಅಂತ ಯೋಚನೆ ಮಾಡ್ತಾ ನಿಂತು, ತಿಂತು.

ಕೊನೇದಾಗಿ ಕೆಳಗಿನ ಮನೆ ಅಕ್ಕ, ನಿಮಗೆ. ಆ ಮೊದಲ ರಾತ್ರಿ ಆದ್ಮೇಲೆ ಹುಲ್ಲು ಎಲ್ಲಿ ಸಿಗುತ್ತೆ ಅಂತ ಕೇಳೋಕೆ ಬಂದ ನಂಗೆ ನೀವು ನಿಮ್ಮ ಮೊಲದ ಚೀಲದಿಂದ ಅರ್ಧ ಸುರಿದು ಕೊಟ್ರಿ, ಮರಿಗೆ ಆರು ತಿಂಗಳವರೆಗೆ ಅಲ್ಫಾಲ್ಫಾ ಮೇವೂ ಸ್ವಲ್ಪ ಸೇರಿಸು, ಆಮೇಲೆ ಪೂರ್ತಿ ಟಿಮೊತಿ ಹುಲ್ಲಿಗೆ ನಿಧಾನಕ್ಕೆ ಬದಲಾಯಿಸು, ಒಂದೇ ದಿನಕ್ಕೆ ಮಾಡ್ಬೇಡ ಅಂತಾನೂ ಹೇಳಿದ್ರಿ. ಇವತ್ತು ಆರು ತಿಂಗಳು ಆಯ್ತು, ಟಿಮೊತಿ ಹೊಸ ಚೀಲ ತಂದಿದೀನಿ. ಅರ್ಧ ನಿಮ್ದು. ಸಂಜೆ ಆರಕ್ಕೆ ಬರ್ತೀನಿ, ನೋಟ್‌ಬುಕ್ ತೋರಿಸ್ಬೇಕು ಅಂತ ಹುಡುಗೀನೂ ಬರ್ತಾಳೆ, ಮನೇಲಿರಿ.