ಮೊದಲು ಬಿಚ್ಚುವುದನ್ನು ಕಲಿ, ಮಾರಾಯ

ಪ್ರೀತಿಯ ಗೆಳೆಯ,

ನಿನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ. ಏಳು ನಿಮಿಷ. ಅದರಲ್ಲಿ ಅರ್ಧ ನಿಮಿಷ ಬರೀ ಫ್ಯಾನಿನ ಸದ್ದು. ಹೇಳಲೋ ಬೇಡವೋ ಅಂತ ನೀನು ಕೂತಿದ್ದೆ ಅಂತ ಗೊತ್ತಾಯಿತು. ಕೊನೆಗೆ ಹೇಳಿದೆಯಲ್ಲ, "ಹೇರ್ ಪ್ಯಾಚ್ ಹಾಕಿಸಿಕೊಂಡೆ ಕಣೋ, ಚೆನ್ನಾಗೇ ಕಾಣ್ತಿದೆ, ಆದ್ರೆ ಮನೆಯಿಂದ ಹೊರಗೆ ಕಾಲಿಡೋಕೆ ಭಯ" ಅಂತ. ಆ ಮಾತು ಕೇಳಿ ನಗು ಬಂತು. ನಿನ್ನನ್ನು ನೋಡಿ ಅಲ್ಲ, ಆರು ವರ್ಷ ಹಿಂದಿನ ನನ್ನನ್ನು ನೆನೆದು.

ಉತ್ತರವನ್ನು ಎಲ್ಲರಿಗೂ ಕಾಣುವ ಹಾಗೆ ಬರೆದರೂ ಪರವಾಗಿಲ್ಲ ಅಂದೆ. ಸರಿ, ನಿನ್ನ ಹೆಸರು, ಊರು ಬರೆಯುವುದಿಲ್ಲ. ಓದುವ ಬೇರೆಯವರಿಗೆ ಒಂದು ಮಾತು: ಹೇರ್ ಪ್ಯಾಚ್ ಅಂದರೆ ಬೋಳಾದ ಜಾಗ ಮುಚ್ಚಲು ಹಾಕಿಕೊಳ್ಳುವ, ತೆಳು ತಳದ ಮೇಲೆ ಕೂದಲು ನೆಟ್ಟ ತುಂಡು.

ನಿನಗೆ ಭಯ ಯಾಕೆ ಗೊತ್ತಾ? ಪ್ಯಾಚ್ ನಿನ್ನ ತಲೆ ಮೇಲಿದೆ, ಆದರೆ ನಿನ್ನ ಕೈಯಲ್ಲಿ ಇಲ್ಲ. ಯಾರೋ ಅಂಟಿಸಿದರು. ಹೇಗೆ ಅಂಟಿಸಿದರು ಅಂತ ನೀನು ನೋಡಲಿಲ್ಲ. ಮೂರು ವಾರ ಬಿಟ್ಟು ಸರ್ವಿಸ್‌ಗೆ ಬನ್ನಿ ಅಂದರು. ಆ ಮೂರು ವಾರ ನೀನು ಬೇರೆಯವರ ಸಾಮಾನು ಹೊತ್ತುಕೊಂಡು ಓಡಾಡುವವನ ಹಾಗೆ ಇರುತ್ತೀಯ. ಹಾಗಾಗಿ ನಾನು ಮೊದಲು ಹೇಳುವುದು ಒಂದೇ. ಅಂಟಿಸುವುದು ಆಮೇಲೆ. ಮೊದಲು ಬಿಚ್ಚುವುದನ್ನು ಕಲಿ.

ನನ್ನ ಕಥೆ ನಿನಗೆ ಅರ್ಧ ಗೊತ್ತು. ಇನ್ನರ್ಧ ಈಗ ಹೇಳುತ್ತೇನೆ. ನನ್ನ ಮೊದಲ ಪ್ಯಾಚ್ ಕ್ಲಿಪ್ಪಿನದು. ಉಳಿದಿರುವ ಕೂದಲಿಗೆ ಟಕ್ ಅಂತ ಹಾಕಿಕೊಳ್ಳುವ ನಾಲ್ಕು ಸಣ್ಣ ಕ್ಲಿಪ್. ಬೆಳಿಗ್ಗೆ ಹಾಕು, ರಾತ್ರಿ ತೆಗೆ. ಸುಲಭ ಅನ್ನಿಸಿತು. ತಂಗಿ ಮದುವೆ ಬಂತು. ಮೇ ತಿಂಗಳು, ಸಾಗರದ ಸೆಕೆ, ಮಂಟಪದಲ್ಲಿ ಹೋಮದ ಹೊಗೆ. ಹುಡುಗಿಯ ಅಣ್ಣ ಅಂತ ನನ್ನ ತಲೆಗೂ ಒಂದು ಪೇಟ ಇಟ್ಟರು. ಬಿಗಿ ಪೇಟ. ಫೋಟೋ ಎಲ್ಲ ಮುಗಿದ ಮೇಲೆ ಸೋದರಮಾವ ಪ್ರೀತಿಯಿಂದ ಅದನ್ನು ಎತ್ತಿದರು. ಮುಂದಿನ ಕೂದಲೂ ಅದರ ಜೊತೆ ಎದ್ದಿತು, ಪಾತ್ರೆ ಮುಚ್ಚಳ ಅರ್ಧ ತೆರೆದ ಹಾಗೆ. ಹಿಂದಿನ ಎರಡು ಕ್ಲಿಪ್ ಹಿಡಿದಿದ್ದರಿಂದ ಪೂರ್ತಿ ಬರಲಿಲ್ಲ. ಮಾವ ಏನೂ ಮಾತಾಡದೆ ಪೇಟವನ್ನು ಮತ್ತೆ ಅಲ್ಲೇ ಇಟ್ಟರು. ಆ ಮದುವೆಯ ಊಟವನ್ನು ನಾನು ಪೇಟ ಹಾಕಿಕೊಂಡೇ ಮಾಡಿದ್ದು. ಆಲ್ಬಂ ನೋಡಿದವರು ಈಗಲೂ ಮದುಮಗ ಯಾರು ಅಂತ ಕೇಳುತ್ತಾರೆ.

ಕ್ಲಿಪ್ಪಿನ ಇನ್ನೊಂದು ತೊಂದರೆ ಆಮೇಲೆ ಕಂಡಿತು. ದಿನಾ ಒಂದೇ ಜಾಗದ ಕೂದಲನ್ನು ಎಳೆಯುತ್ತಾ ಇದ್ದರೆ ಅಲ್ಲಿನ ಬೇರೂ ಸೋಲುತ್ತದೆ. ಬಲಗಿವಿಯ ಮೇಲೆ ರೂಪಾಯಿ ನಾಣ್ಯದಷ್ಟು ಜಾಗ ನನಗೆ ಖಾಲಿಯಾಯಿತು. ಇದ್ದದ್ದನ್ನೂ ಕಳೆದುಕೊಂಡೆ. ಅಪರೂಪಕ್ಕೆ ಹಾಕುವವರಿಗೆ ಕ್ಲಿಪ್ ಸರಿ, ದಿನಾ ಹಾಕುವವರಿಗೆ ಬೇಡ ಅಂತ ನನ್ನ ಅಭಿಪ್ರಾಯ.

ಈಗ ಬಿಚ್ಚುವ ವಿಷಯ. ನಿನ್ನದು ಟೇಪ್, ಅಂದರೆ ಎರಡೂ ಕಡೆ ಅಂಟಿರುವ ಪಟ್ಟಿಯಿಂದ ಕೂರಿಸಿದ್ದು ಅಂದೆ, ಒಳ್ಳೆಯದಾಯಿತು. ಒಂದು ಭಾನುವಾರ ಬೆಳಿಗ್ಗೆ, ಎಲ್ಲೂ ಹೋಗುವುದಿಲ್ಲದ ದಿನ, ಕನ್ನಡಿ ಮುಂದೆ ಕೂರು. ಟೇಪ್ ರಿಮೂವರ್ ಅಂತ ಸಿಗುತ್ತದೆ, ಕಿತ್ತಳೆ ಸಿಪ್ಪೆಯ ವಾಸನೆಯದು. ಪ್ಯಾಚಿನ ಅಂಚಿಗೆ ಸುತ್ತಲೂ ಅದನ್ನು ಹಾಕು. ಆಮೇಲೆ ಸುಮ್ನೆ ಕೂತು ಕಾಫಿ ಕುಡಿ. ಐದು ನಿಮಿಷ ಕಾಯಲಾಗದವರೇ ಪ್ಯಾಚ್ ಹರಿದುಕೊಳ್ಳುವುದು. ಅಂಟು ಸಡಿಲವಾದ ಮೇಲೆ ಹಿಂದಿನಿಂದ ಬೆರಳು ತೂರಿಸಿ ನಿಧಾನಕ್ಕೆ ಎಬ್ಬಿಸು. ಎಲ್ಲಾದರೂ ಹಿಡಿದರೆ ಎಳೆಯಬೇಡ, ಅಲ್ಲಿಗೆ ಇನ್ನೆರಡು ಹನಿ. ಸ್ಕಿನ್ ಬೇಸ್, ಅಂದರೆ ಚರ್ಮದಂಥ ತೆಳು ಹಾಳೆಯ ತಳ ಆದರೆ ಕೆಲವು 0.03 ಮಿಲಿಮೀಟರ್ ದಪ್ಪ ಇರುತ್ತವೆ, ಈರುಳ್ಳಿಯ ಒಳಪೊರೆಯ ಹಾಗೆ. ಮುಂದಿನ ಅಂಚಿಗೆ ಲೇಸ್, ಅಂದರೆ ಸಣ್ಣ ಕಣ್ಣಿನ ಬಲೆಬಟ್ಟೆ ಇದ್ದರೆ ಅದು ಸೊಳ್ಳೆಪರದೆಗಿಂತ ನಾಜೂಕು.

ಪೂರ್ತಿ ಬಂದ ಮೇಲೆ ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡು. ಎಷ್ಟು ಸಣ್ಣದು ಅದು! ಅಂಗೈ ತುಂಬುವಷ್ಟು ಕೂದಲು, ಒಂದು ತೆಳು ಹಾಳೆ. ಇದಕ್ಕಾ ನಾನು ಇಷ್ಟು ಹೆದರಿದ್ದು ಅನ್ನಿಸುತ್ತದೆ. ನನಗಂತೂ ಅನ್ನಿಸಿತು.

ಮತ್ತೆ ಅಂಟಿಸುವಾಗ ನೂರಕ್ಕೆ ಎಂಬತ್ತು ಪಾಲು ಕೆಲಸ ತಲೆ ಸ್ವಚ್ಛ ಮಾಡುವುದೇ. ರಿಮೂವರ್‌ನಲ್ಲಿ ಎಣ್ಣೆಯ ಅಂಶ ಇರುತ್ತದೆ. ಅದು ಹೋಗುವ ತನಕ ಶಾಂಪೂ ಹಾಕಿ ತೊಳೆ. ಕಂಡೀಷನರ್ ನೆತ್ತಿಗೆ ತಾಗಬಾರದು. ನೆತ್ತಿಯ ಮೇಲೆ ಚುಚ್ಚುವ ಹಾಗೆ ಬೆಳೆದ ಕೂದಲನ್ನು ಟ್ರಿಮ್ಮರ್ ಸೊನ್ನೆಗೆ ಇಟ್ಟು ತೆಗೆ. ಆ ಮುಳ್ಳಿನ ಮೇಲೆ ಟೇಪ್ ಕೂರುವುದಿಲ್ಲ. ಪೂರ್ತಿ ಒಣಗಿದ ಮೇಲೆ 70 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೊಹಾಲ್ ಹತ್ತಿಗೆ ಹಾಕಿ ಒರೆಸು. ಹತ್ತಿರ ಊದುಬತ್ತಿ, ದೀಪ ಇರಬಾರದು, ಅದು ಫಕ್ಕನೆ ಹತ್ತಿಕೊಳ್ಳುವ ವಸ್ತು. ಆಮೇಲೆ ಸ್ಕಾಲ್ಪ್ ಪ್ರೊಟೆಕ್ಟರ್ ತೆಳ್ಳಗೆ ಹಚ್ಚಿ ಒಣಗಲು ಬಿಡು. ಅದು ಚರ್ಮಕ್ಕೂ ಅಂಟಿಗೂ ನಡುವೆ ಒಂದು ಪದರ.

ಇದನ್ನೆಲ್ಲ ಮಾಡುವ ಮೊದಲು, ಎರಡು ದಿನ ಮುಂಚೆ, ಒಂದು ಚೂರು ಟೇಪನ್ನು ಮೊಳಕೈ ಒಳಗಡೆ ಅಂಟಿಸಿ ನೋಡು. ಕೆಂಪಾದರೆ, ಕೆರೆದರೆ ಆ ಟೇಪ್ ನಿನಗೆ ಆಗಿಬರುವುದಿಲ್ಲ. ತಲೆ ಮೇಲೆ ಗಾಯ, ಜೋರು ಹೊಟ್ಟು, ಕೀವುಗುಳ್ಳೆ ಇದ್ದರೆ ಪ್ಯಾಚ್ ಪಕ್ಕಕ್ಕಿಡು, ಚರ್ಮದ ಡಾಕ್ಟರ್ ಹತ್ತಿರ ಹೋಗು. ಇದರಲ್ಲಿ ಹಟ ಬೇಡ.

ಟೇಪನ್ನು ತಲೆಗಲ್ಲ, ಪ್ಯಾಚಿಗೆ ಮೊದಲು ಅಂಟಿಸುವುದು. ಪ್ಯಾಚನ್ನು ಬೋರಲು ಹಾಕಿ ಅಂಚಿನ ಸುತ್ತ ತುಂಡು ತುಂಡಾಗಿ ಹಚ್ಚು. ಮುಂದೆ ಬಿಲ್ಲಿನ ಹಾಗೆ ಬಾಗಿದ ಟೇಪ್ ಬರುತ್ತದೆ, ಅದನ್ನು ಬಳಸು. ಅಂಚಿನಿಂದ ಹೊರಗೆ ಒಂದು ಕೂದಲೆಳೆಯಷ್ಟೂ ಚಾಚಬಾರದು. ಚಾಚಿದ ಟೇಪಿಗೆ ಧೂಳು ಮೆತ್ತಿ ಮೂರೇ ದಿನದಲ್ಲಿ ಹಣೆ ಮೇಲೆ ಕಪ್ಪು ಗೆರೆ ಕಾಣುತ್ತದೆ. ಬೆಂಗಳೂರಿನ ಧೂಳಿಗೆ ಎರಡೇ ದಿನ ಸಾಕು. ಗಮ್ ಬೇರೆ ಇದೆ, ಹಾಲಿನ ಹಾಗೆ ಬೆಳ್ಳಗೆ ಇರುತ್ತದೆ, ತೆಳ್ಳಗೆ ಮೂರ್ನಾಲ್ಕು ಸಲ ಹಚ್ಚಿ ಪ್ರತಿ ಸಲ ಬಣ್ಣ ಹೋಗುವ ತನಕ ಕಾಯಬೇಕು. ಕೈ ಪಳಗುವ ತನಕ ನಿನಗೆ ಬೇಡ.

ಎಲ್ಲಿ ಇಡಬೇಕು ಅನ್ನುವುದೇ ಎಲ್ಲಕ್ಕಿಂತ ಮುಖ್ಯ. ಹುಬ್ಬಿನ ಮೇಲೆ ನಾಲ್ಕು ಬೆರಳು ಅಡ್ಡ ಇಡು. ಅದರ ಮೇಲಿಂದ ಕೂದಲು ಶುರುವಾಗಲಿ. ಅನುಮಾನ ಬಂದರೆ ಇನ್ನು ಸ್ವಲ್ಪ ಮೇಲೆ, ಕೆಳಗೆ ಬೇಡವೇ ಬೇಡ. ಹುಬ್ಬು ಏರಿಸಿದಾಗ ಹಣೆಯಲ್ಲಿ ಬೀಳುವ ಗೆರೆ ಪ್ಯಾಚಿಗೆ ತಾಗಿದರೆ ನೀನು ಆಶ್ಚರ್ಯಪಟ್ಟಾಗಲೆಲ್ಲ ಅಂಟು ಎದ್ದುಬರುತ್ತದೆ. ಪೆನ್ಸಿಲ್ಲಿನಲ್ಲಿ ಒಂದು ಚುಕ್ಕಿ ಇಟ್ಟುಕೋ. ಮುಂದಿನ ನಡುಭಾಗ ಮೊದಲು ಕೂರಿಸು, ಆಮೇಲೆ ಅಕ್ಕಪಕ್ಕ, ಕೊನೆಗೆ ಹಿಂದೆ. ಎಳೆದು ಹಿಗ್ಗಿಸಬೇಡ. ಬಾಚಣಿಗೆಯ ಬೆನ್ನಿನಿಂದ ಸುತ್ತಲೂ ಒತ್ತು. ಆ ದಿನ ತಲೆಗೆ ನೀರು ಬೇಡ.

ಇನ್ನೊಂದು ಮಾತು ನಿನ್ನ ಫೋಟೋ ನೋಡಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಕೂದಲು ಜಾಸ್ತಿ ಆಯಿತು. ನಿನಗೆ ಮೂವತ್ತಾರು, ಪ್ಯಾಚಿಗೆ ಹದಿನೆಂಟು. ಗಂಡಸರ ಬೋಳಿಗೆ ಡಾಕ್ಟರುಗಳು ಏಳು ಹಂತ ಹೇಳುತ್ತಾರೆ. ಹ್ಯಾಮಿಲ್ಟನ್ ಅನ್ನುವವರು 1951ರಲ್ಲಿ ಶುರು ಮಾಡಿದ ಲೆಕ್ಕ, ನಾರ್ವುಡ್ ಅನ್ನುವವರು 1975ರಲ್ಲಿ ತಿದ್ದಿದ್ದು. ಏಳನೇ ಹಂತದಲ್ಲೂ ಕಿವಿಯ ಸುತ್ತ, ಹಿಂದೆ ಒಂದು ಪಟ್ಟಿ ಕೂದಲು ಉಳಿಯುತ್ತದೆ. ಪ್ಯಾಚಿನ ಆಟವೆಲ್ಲ ಆ ಪಟ್ಟಿಯ ಜೊತೆ ಹೊಂದುವುದರಲ್ಲಿದೆ. ಪಕ್ಕದಲ್ಲಿ ನಿನಗೆ ನಾಲ್ಕು ಬಿಳಿ ಕೂದಲಿದ್ದರೆ ಮೇಲೆಯೂ ನಾಲ್ಕು ಬಿಳಿ ಇರಲಿ. ಮುಂದಿನ ಸಲ ಕೇಳಿ ಹಾಕಿಸಿಕೋ. ಈಗಿನದನ್ನು ಪ್ಯಾಚ್ ಕತ್ತರಿಸಿ ಗೊತ್ತಿರುವವರ ಹತ್ತಿರ ತೆಳ್ಳಗೆ ಮಾಡಿಸು. ಮಾಮೂಲಿ ಕಟಿಂಗ್ ಶಾಪಿನಲ್ಲಿ ಕೂರಬೇಡ. ಅದು ಮತ್ತೆ ಬೆಳೆಯುವ ಕೂದಲಲ್ಲ, ಕತ್ತರಿಸಿದ್ದು ಹೋಯಿತು ಅಂತಲೇ ಲೆಕ್ಕ.

"ಯಾರದೋ ಕೂದಲನ್ನು ತಲೆ ಮೇಲೆ ಇಟ್ಕೊಳ್ಳೋದು ಒಂಥರಾ ಅಲ್ವಾ" ಅಂತಲೂ ಕೇಳಿದೆ. ಯಾರದೋ ಹೌದು. ಆದರೆ ನಮ್ಮವರದೇ. ತಿರುಪತಿಯಲ್ಲಿ ಮುಡಿ ಕೊಡುತ್ತಾರಲ್ಲ, ಆ ಕೂದಲು ಹರಾಜಾಗಿ ವಿಗ್ಗಿನವರ ಕೈ ಸೇರುತ್ತದೆ. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ, ತೊಳೆದು, ಉದ್ದದ ಲೆಕ್ಕದಲ್ಲಿ ಕಟ್ಟು ಕಟ್ಟಿ ಕಳಿಸುವ ಕೆಲಸದಿಂದ ಎಷ್ಟೋ ಮನೆ ನಡೆಯುತ್ತದೆ. ಚಿಕ್ಕವರಿದ್ದಾಗ ಅಜ್ಜಿ ಬಾಚಣಿಗೆಯ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿ ಇಡುತ್ತಿದ್ದರು, ಕೂದಲಿಗೆ ಪಾತ್ರೆ ಕೊಡುವವಳು ಬರಲಿ ಅಂತ. ಅಂಥ ಉಂಡೆಯೇ ಎಲ್ಲೆಲ್ಲೋ ಸುತ್ತಿ ನನ್ನ ತಲೆಗೆ ಬಂದಿರಬಹುದು. ಹಾಗೆ ಯೋಚಿಸಿದಾಗಿನಿಂದ ನನಗೆ ಅಸಹ್ಯ ಹೋಯಿತು.

ಬೆವರು, ಗಾಳಿ, ಹೆಲ್ಮೆಟ್. ಗಾಳಿಗೆ ಹೆದರಬೇಡ. ಟೇಪ್ ಸರಿಯಾಗಿ ಕೂತರೆ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕೂತರೂ ಏನೂ ಆಗುವುದಿಲ್ಲ. ಹೆಲ್ಮೆಟ್ಟಿನ ಒಳಗೆ ತೆಳು ಬಟ್ಟೆಯ ಟೋಪಿ ಹಾಕು, ತೆಗೆಯುವಾಗ ಅವಸರ ಮಾಡಬೇಡ. ಬೆವರು ಮಾತ್ರ ನಿಜವಾದ ಶತ್ರು. ಚಳಿಗಾಲದಲ್ಲಿ ನನಗೆ ಹದಿನೆಂಟು ದಿನ ನಿಲ್ಲುವ ಟೇಪ್ ಏಪ್ರಿಲ್‌ನಲ್ಲಿ ಹತ್ತು ದಿನಕ್ಕೆ ಸೋಲುತ್ತದೆ. ಸೋಲುವ ಮೊದಲೇ ಬದಲಾಯಿಸು. ಬ್ಯಾಗಿನಲ್ಲಿ ನಾಲ್ಕು ತುಂಡು ಟೇಪ್, ಒಂದು ಸಣ್ಣ ಕನ್ನಡಿ ಇರಲಿ. ಮುಂದೆ ಒಂದು ಚೂರು ಎದ್ದರೆ ಆಫೀಸಿನ ಬಾತ್‌ರೂಮಿನಲ್ಲಿ ಎರಡು ನಿಮಿಷದ ಕೆಲಸ. ಮತ್ತೆ ಮತ್ತೆ ಹಣೆ ಮುಟ್ಟಿ ನೋಡಿಕೊಳ್ಳುವುದನ್ನು ಬಿಡು. ಕೂದಲಿಗಿಂತ ಆ ಕೈಯೇ ಜನಕ್ಕೆ ಮೊದಲು ಕಾಣುವುದು. ನಾನು ಪ್ಯಾಚ್ ಹಾಕಿ ಆಫೀಸಿಗೆ ಹೋದ ದಿನ ಟೀ ತರುವ ಹುಡುಗ "ಸಾರ್, ಕಟಿಂಗ್ ಮಾಡ್ಸಿದ್ರಾ?" ಅಂದ. ಇದ್ದದ್ದು ಕಡಿಮೆಯಾಯಿತಾ ಜಾಸ್ತಿಯಾಯಿತಾ ಅನ್ನುವುದೂ ಅವನಿಗೆ ಗೊತ್ತಾಗಿರಲಿಲ್ಲ.

ಬೆವರಿಗಿಂತ ದೊಡ್ಡ ಶತ್ರು ಒಂದು ಉಂಟು, ಕೊಬ್ಬರಿ ಎಣ್ಣೆ. ಎಣ್ಣೆ ತಾಗಿದರೆ ಯಾವ ಅಂಟೂ ನಿಲ್ಲುವುದಿಲ್ಲ. ಇದು ನನಗೆ ಗೊತ್ತಾದದ್ದು ದೀಪಾವಳಿಯಲ್ಲಿ. ನರಕ ಚತುರ್ದಶಿ ಬೆಳಿಗ್ಗೆ ಅಮ್ಮ ಎಣ್ಣೆ ಬಟ್ಟಲು ಹಿಡಿದು ಬಂದರು. ಪ್ಯಾಚ್ ಹಾಕಿರುವುದು ಅಮ್ಮನಿಗೆ ಗೊತ್ತಿತ್ತು, ಆದರೆ ನಾವಿಬ್ಬರೂ ಅದರ ಮಾತು ಎತ್ತುತ್ತಿರಲಿಲ್ಲ. ಬೇಡ ಅನ್ನಲು ಬಾಯಿ ಬರಲಿಲ್ಲ. ಹಚ್ಚಿದರು. ಅಭ್ಯಂಜನ ಆಯಿತು. ಮಧ್ಯಾಹ್ನದ ಹೊತ್ತಿಗೆ ಟೇಪ್ ಬೆಳ್ಳಗೆ ಲೋಳೆಯಾಗಿ ಪ್ಯಾಚ್ ಜಾರತೊಡಗಿತು. ಹಬ್ಬದ ದಿನ ಅರ್ಧ ಗಂಟೆ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ನಿಂತಿದ್ದೆ.

ಮುಂದಿನ ವರ್ಷದ ಹೊತ್ತಿಗೆ ನನಗೆ ಬಿಚ್ಚಿ ಹಾಕುವುದು ಬಂದಿತ್ತು. ಹಿಂದಿನ ರಾತ್ರಿಯೇ ತೆಗೆದು, ತೊಳೆದು, ಬೋರಲು ಹಾಕಿದ ಡಬ್ಬಿಯ ಮೇಲೆ ಒಣಗಲು ಇಟ್ಟೆ. ಬೆಳಿಗ್ಗೆ ಬರೀ ತಲೆಯಲ್ಲಿ ಮಣೆ ಮೇಲೆ ಕೂತೆ. ಅಮ್ಮ ಬಟ್ಟಲು ಹಿಡಿದು ಬಂದವರು ಒಂದು ಕ್ಷಣ ನಿಂತರು. ಆಮೇಲೆ ನೆತ್ತಿ ಮೇಲೆ ಎಣ್ಣೆ ಹಾಕಿ ತಟ್ಟುತ್ತಾ, "ಥೇಟ್ ನಿಮ್ಮಪ್ಪನ ತಲೆ. ಎಣ್ಣೆನೂ ಉಳೀತು" ಅಂದರು. ಅವತ್ತು ಸಂಜೆ ಮತ್ತೆ ಅಂಟಿಸಿಕೊಂಡು ಪಟಾಕಿ ಹೊಡೆದೆ.

ಹುಡುಗಿ ಮನೆಯವರು ಬರುತ್ತಾರೆ ಅಂದೆ. ಅವರ ಮುಂದೆ ಹಾಕಿಕೊಂಡೇ ಕೂರು, ಅದರಲ್ಲಿ ತಪ್ಪಿಲ್ಲ. ಆದರೆ ಮಾತು ಮುಂದುವರಿದರೆ, ನಿಶ್ಚಿತಾರ್ಥಕ್ಕೆ ಮೊದಲೇ ಹುಡುಗಿಗೆ ನೀನೇ ಹೇಳು. ದಲ್ಲಾಳಿ ಕೈಯಲ್ಲಿ, ಅಕ್ಕನ ಕೈಯಲ್ಲಿ ಹೇಳಿಸಬೇಡ. ಮುಚ್ಚಿಟ್ಟರೆ ಎಷ್ಟು ದಿನ? ನಾನು ಹೇಳಿದಾಗ ನನ್ನವಳು ಕೇಳಿದ್ದು ಒಂದೇ ಪ್ರಶ್ನೆ, "ತಿಂಗಳಿಗೆ ಎಷ್ಟು ಖರ್ಚು?" ಈಗ ಹಿಂದಿನ ಅಂಚನ್ನು ಒತ್ತಿ ಕೊಡುವುದು ಅವಳೇ. ನನಗಿಂತ ನೇರವಾಗಿ ಕೂರಿಸುತ್ತಾಳೆ.

ಒಂದು ರೋಲ್ ಟೇಪ್, ಒಂದು ಬಾಟಲಿ ರಿಮೂವರ್ ಕೊರಿಯರ್ ಮಾಡಿದ್ದೇನೆ. ಶುಕ್ರವಾರ ಸಿಗಬಹುದು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ವಿಡಿಯೋ ಕಾಲ್ ಮಾಡುತ್ತೇನೆ. ನಾನೂ ಬಿಚ್ಚಿಕೊಂಡೇ ಕೂತಿರುತ್ತೇನೆ. ಕಾಫಿ ಮಾಡಿಟ್ಟುಕೋ, ಟ್ರಿಮ್ಮರ್ ಚಾರ್ಜ್ ಮಾಡಿಟ್ಟುಕೋ. ದೇವರ ದೀಪ ಹಚ್ಚುವುದಿದ್ದರೆ ಬೇರೆ ಕೋಣೆಯಲ್ಲಿ ಇರಲಿ.

ನಿನ್ನ,
ಪೇಟ ಹಾಕಿಕೊಂಡು ಊಟ ಮಾಡಿದವ